ಕಡಲು ನೋಡಲಿಕ್ಕೂ ಕಾರಣ ಬೇಕಾ?

ಉಡುಪಿ

ಚಿ. ಸೌ. ವೀಣಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನಿನ್ನ ಅಮ್ಮನ ಮೊಣಕಾಲು, ಮಗಳ ಶಾಲೆ, ಮನೆಯ ರಿಪೇರಿ, ಅದೆಲ್ಲ ಫೋನಿನಲ್ಲಿ ಮಾತಾಡುವ. ಕೊನೆಯಲ್ಲಿ ನೀನು ಬರೆದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. ಕಡಲ ಬದಿಯ ಪಾರ್ಕಿನಲ್ಲಿ ಒಬ್ಬಳೇ ಕೂತಿದ್ದಾಗ ಕಾವಲಿನವ ಬಂದು "ಯಾಕೆ ಕೂತಿದ್ದೀರಿ, ಯಾರಾದರೂ ಬರುವವರಿದ್ದಾರಾ" ಅಂತ ಕೇಳಿದನಂತೆ. ಅದರ ಕೆಳಗೆ ನೀನು ಬರೆದಿದ್ದೀ: "ನಾಳೆ ನನ್ನ ಮಗಳು ಕಡಲು ನೋಡಲಿಕ್ಕೂ ಕಾರಣ ಹೇಳಬೇಕಾ ದೊಡ್ಡಮ್ಮ?"

ರಾತ್ರಿ ದೀಪ ಆರಿಸಿದ ಮೇಲೂ ಅದೇ ತಲೆಯಲ್ಲಿ. ಪಾರ್ಕಿಗೆ ಬೇಲಿ, ಗೇಟು, ಟಿಕೆಟು, ತಿಂಡಿ ಮಳಿಗೆ ಬರುತ್ತವೆ, ಅದು ಬೇಡ ಅಂತ ನೀವೆಲ್ಲ ಅರ್ಜಿ ಕೊಡುತ್ತೀರಿ ಅಂತ ಬರೆದದ್ದನ್ನೂ ಓದಿದೆ. ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಆ ಪ್ರಶ್ನೆಯೇ.

ನಾನು ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಸ್ಟೆಲಿನ ಕೋಣೆಯಲ್ಲಿ ನಾಲ್ಕು ಜನ ಇದ್ದೆವು. ಆಫೀಸಿನಲ್ಲೂ ಜನ, ಬಸ್ಸಿನಲ್ಲೂ ಜನ. ಸಂಜೆ ಹಂಪನಕಟ್ಟೆಯಿಂದ ಬಾವುಟಗುಡ್ಡೆ ಹತ್ತಿ ಟಾಗೋರ್ ಪಾರ್ಕಿಗೆ ಹೋಗುತ್ತಿದ್ದೆ. ಪಡುವಣಕ್ಕೆ ಮುಖ ಮಾಡಿ ಕೂತರೆ ಹಂಚಿನ ಮಾಡುಗಳು, ತೆಂಗಿನ ತಲೆಗಳು, ಅದರಾಚೆ ಕಡಲು. ಒಬ್ಬಳು ಹುಡುಗಿ ಸುಮ್ನೆ ಕೂತಿದ್ದರೂ ಯಾರೂ ಏನೂ ಕೇಳುತ್ತಿರಲಿಲ್ಲ. ಅದೇ ಗುಡ್ಡದ ಮೇಲೆ 1837ರ ಏಪ್ರಿಲ್ 5ರಂದು ಅಮರ ಸುಳ್ಯದಿಂದ ಬಂದ ರೈತರು ಕಂಪೆನಿಯ ಬಾವುಟ ಇಳಿಸಿ ತಮ್ಮ ಬಾವುಟ ಹಾರಿಸಿದರು, 13 ದಿನ ಊರನ್ನು ಹಿಡಿದಿಟ್ಟುಕೊಂಡರು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಈಗ ಅಲ್ಲಿ ಆ ರೈತರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇದೆ, 2022ರಲ್ಲಿ ನಿಲ್ಲಿಸಿದ್ದು. ಪ್ರತಿಮೆ ಬಂದದ್ದು ಒಳ್ಳೆಯದೇ. ಆದರೆ ಸಂಬಳದ ಅರ್ಧ ಮನೆಗೆ ಕಳಿಸಿ ಕೈಯಲ್ಲಿ ಏನೂ ಉಳಿಯದ ನನ್ನಂಥವಳಿಗೂ ಅಲ್ಲಿ ಜಾಗ ಇತ್ತಲ್ಲ, ಅದನ್ನೂ ಆ ಗುಡ್ಡದ ಹಿರಿಮೆ ಅಂತಲೇ ನಾನು ಲೆಕ್ಕ ಹಾಕುತ್ತೇನೆ.

ನಿನ್ನ ಅಜ್ಜಿಯ ಕತೆ ಬೇರೆ. ಉಡುಪಿಯಿಂದ ಮಲ್ಪೆಗೆ ಆರು ಕಿಲೋಮೀಟರ್. ಆದರೂ ಅಮ್ಮ ಕಡಲಿಗೆ ಹೋದದ್ದು ಯಾವಾಗಲೂ ಕಾರಣದ ಮೇಲೆಯೇ. ಅಮಾವಾಸ್ಯೆಗೆ ಮಲ್ಪೆಯ ವಡಭಾಂಡೇಶ್ವರದಲ್ಲಿ ಸಮುದ್ರಸ್ನಾನ. ಅಪ್ಪನ ಅಸ್ಥಿ ಬಿಡುವುದು. ಹೊರಗಿನಿಂದ ಬಂದ ನೆಂಟರಿಗೆ ತೋರಿಸುವುದು. ಮಿಂದು ಮೇಲೆ ಬಂದವಳು ಒದ್ದೆ ಸೆರಗು ಹಿಂಡುತ್ತಾ ಒಂದು ಗಳಿಗೆ ತಿರುಗಿ ನೋಡುವಳು. ಅಷ್ಟರಲ್ಲಿ ಯಾರಾದರೂ "ಹೊತ್ತಾಯಿತು" ಅನ್ನುವರು. ಕೊನೆಯ ವರ್ಷದ್ದು ನಿನಗೆ ಗೊತ್ತೇ ಇದೆ, ಬರೆಯುವುದಿಲ್ಲ. ಅವಳನ್ನು ಒಂದು ಸಂಜೆ ಏನೂ ಕೆಲಸ ಇಲ್ಲದೆ ಅಲ್ಲಿ ಕೂರಿಸುವ ಆಸೆ ನನಗಿತ್ತು. ಆಗಲೇ ಇಲ್ಲ. ಅದಕ್ಕೇ ನಿನ್ನ ಸಾಲು ಓದಿ ಹೊಟ್ಟೆ ಹಿಂಡಿದ ಹಾಗಾಯಿತು. ಅಜ್ಜಿಗೆ ಕಾರಣ ಬೇಕಿತ್ತು, ನನಗೆ ಬೇಕಾಗಲಿಲ್ಲ, ನಿನ್ನ ಮಗಳಿಗೆ ಪುನಃ ಬೇಕಾಗುತ್ತದಾ?

ಕಡಲ ಬದಿ ಕೈತಪ್ಪಿ ಹೋಗುವುದನ್ನು ನಾನು ನೋಡಿದ್ದೇನೆ ಮಾರಾಯ್ತಿ. ನಾವು ಚಿಕ್ಕವರಿದ್ದಾಗ ರಂಪಣಿ ಅನ್ನುವ ಉದ್ದದ ಬಲೆಯನ್ನು ದಡಕ್ಕೆ ಎಳೆಯುವಾಗ ದಡವಿಡೀ ಜನ. ಹಗ್ಗಕ್ಕೆ ಕೈ ಹಾಕಿದ ಮಕ್ಕಳಿಗೂ ಒಂದು ಹಿಡಿ ಬೂತಾಯಿ ಮೀನು ಸಿಗುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ಮೀನಿನ ಹಿಂಡನ್ನೇ ಬಲೆಯಲ್ಲಿ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದವು, ಮೀನು ದಡಕ್ಕೆ ಬರುವ ಮೊದಲೇ ಕಡಲಿನಲ್ಲೇ ಹಿಡಿದಾಯಿತು, ದೊಡ್ಡ ರಂಪಣಿಗಳು ಒಂದೊಂದಾಗಿ ನಿಂತವು. ಈಗ ಅಲ್ಲಲ್ಲಿ ಚಿಕ್ಕ ಕೈರಂಪಣಿ ಉಳಿದಿದೆ. ಅದಕ್ಕೂ ತೆರೆದ ದಡ ಬೇಕು. ಬೇಲಿ ಹಾಕಿದರೆ ಅವರು ಬಲೆ ಎಲ್ಲಿ ಎಳೆಯುವುದು? ನೂಲಹುಣ್ಣಿಮೆಗೆ ಮೀನುಗಾರ ಮೊಗವೀರರು ಹಾಲು, ತೆಂಗಿನಕಾಯಿ ತಂದು ಸಮುದ್ರಪೂಜೆ ಮಾಡುವಾಗ ಅವರೂ ಟಿಕೆಟು ತೆಗೆಯಬೇಕಾ?

ಟಿಕೆಟಿನ ಬಗ್ಗೆ ನಾನು ಹಟ ಹಿಡಿಯುವುದಿಲ್ಲ. ಗುಡಿಸುವವರಿಗೆ, ಜೀವರಕ್ಷಕರಿಗೆ ಸಂಬಳ ಕೊಡಬೇಕು, ಶೌಚಾಲಯಕ್ಕೆ ನೀರು ಬೇಕು. ಆದರೆ ಮಲ್ಪೆಯಲ್ಲಿ ಭಾನುವಾರ ನೋಡು. ಕೊಪ್ಪಳ, ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಮೊನ್ನೆ ಒಬ್ಬಳು ಸೀರೆಯ ನಿರಿಗೆ ಎತ್ತಿಕೊಂಡು, ತೆರೆ ಬಂದಾಗಲೆಲ್ಲ ಹಿಂದೆ ಸರಿದು, ಹೋದಾಗ ಮುಂದೆ ಹೋಗಿ, ಕೊನೆಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ "ಖರೇನ ಉಪ್ಪೈತಿ" ಅಂದಳು. ತಲೆಗೆ ಇಷ್ಟು ಅಂತ ಇಟ್ಟರೆ ಐದು ಜನರ ಆ ಕುಟುಂಬ ಬರುವುದಿಲ್ಲ. ವಾಹನ ನಿಲ್ಲಿಸಲು ದುಡ್ಡು ತೆಗೆದುಕೊಳ್ಳಲಿ, ನಡೆದು ಬಂದವರನ್ನು ಬಿಡಲಿ ಅಂತ ನನಗನಿಸುತ್ತದೆ. ನನಗೆ ಲೆಕ್ಕಾಚಾರ ಅಷ್ಟು ತಿಳಿಯದು.

ಪಕ್ಕದ ಮನೆಯ ವಕೀಲರ ಹತ್ತಿರ ಸುಮ್ನೆ ವಿಚಾರಿಸಿದೆ, ನಿನ್ನ ಹೆಸರು ಹೇಳಲಿಲ್ಲ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರಂತೆ. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ಹೇಳಿತು. ಕಡಲ ದಡ, ಹರಿಯುವ ನೀರು, ಇವೆಲ್ಲ ಜನರ ಪರವಾಗಿ ಸರಕಾರ ನೋಡಿಕೊಳ್ಳಬೇಕಾದ ಆಸ್ತಿ ಅಂತ 1996ರ ಇನ್ನೊಂದು ತೀರ್ಪಿನಲ್ಲಿದೆಯಂತೆ. ನಮ್ಮ ರಾಜ್ಯದಲ್ಲಿ ಪಾರ್ಕು, ಆಟದ ಬಯಲು ಉಳಿಸಲಿಕ್ಕೆ 1985ರ ಕಾಯ್ದೆಯೂ ಇದೆ. ಹಾಗಾಗಿ ಮೊದಲು ಆ ಜಾಗ ದಾಖಲೆಯಲ್ಲಿ ಏನಂತ ಇದೆ ನೋಡು. ಮಾಹಿತಿ ಹಕ್ಕಿನಲ್ಲಿ ನಕ್ಷೆ ಕೇಳು, ಕಡಲ ಬದಿ ಕಟ್ಟಲಿಕ್ಕೆ ಬೇಕಾದ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ ತೆಗೆದಿದ್ದಾರಾ ಅಂತಲೂ ಕೇಳು. ನೀನು ಓದಿದವಳು, ಇದೆಲ್ಲ ಆಗಲೇ ಮಾಡಿರಬಹುದು.

ಇನ್ನೊಂದು. ಮರಳಿನ ಮೇಲೆ ಹಬ್ಬುವ ನೇರಳೆ ಹೂವಿನ ಬಂಗಡೆ ಬಳ್ಳಿ ಇದೆಯಲ್ಲ, ಅದನ್ನು ಕಿತ್ತು ಹುಲ್ಲುಹಾಸು ಮಾಡಲು ಬಿಡಬೇಡ. ಗಂಟುಗಂಟಿಗೂ ಬೇರು ಬಿಟ್ಟು ಮರಳು ಹಿಡಿಯುವುದು ಅದೇ.

ಕಾವಲಿನವನ ಮೇಲೆ ಸಿಟ್ಟು ಬೇಡ. ಅವನಿಗೆ ಯಾರೋ ಕೇಳು ಅಂದಿದ್ದಾರೆ, ಕೇಳಿದ್ದಾನೆ. ಕತ್ತಲಾದ ಮೇಲೆ ಕುಡಿದು ಬರುವವರನ್ನು ತಡೆಯಲು ಅವನು ಬೇಕು ಕೂಡ. ಕೂತವಳನ್ನು ಎಬ್ಬಿಸುವ ಬದಲು ದಾರಿಯಲ್ಲಿ ಎರಡು ದೀಪ ಜಾಸ್ತಿ ಹಾಕಲಿ ಅಂತ ನಿಮ್ಮ ಅರ್ಜಿಯಲ್ಲಿ ಸೇರಿಸು. ಮಗಳಿಗೆ ಮಾತ್ರ ಈ ಹೆದರಿಕೆ ದಾಟಿಸಬೇಡ. ಹೇಗೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ನೀನು ಅಲ್ಲಿಗೆ ಹೋಗುವುದನ್ನು ನಿಲ್ಲಿಸದಿದ್ದರೆ ಸಾಕೇನೋ.

ಅರ್ಜಿ ಕೊಡುವ ದಿನ ಮೊದಲೇ ತಿಳಿಸು. ಬೆಳಗಿನ ಬಸ್ಸಿಗೆ ಬರುತ್ತೇನೆ. ಉಡುಪಿಯವಳ ಸಹಿ ಅಲ್ಲಿ ನಡೆಯುತ್ತದೋ ಇಲ್ಲವೋ, ಕೇಳಿಡು.

ನಿನ್ನ
ದೊಡ್ಡಮ್ಮ