ಎರಡು ಟಿಎಸ್‌ಪಿ ಖಾತೆ ಇರುವವರಿಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸೇನೆಯಲ್ಲಿದ್ದು ಈಗ ಅಲ್ಲಿನ ಫೆಡರಲ್ ಸಿವಿಲಿಯನ್, ಅಂದರೆ ಸೇನೆಯಲ್ಲದ ಕೇಂದ್ರ ಸರ್ಕಾರಿ ಕೆಲಸಕ್ಕೆ ಸೇರಿರುವವರು ನಮ್ಮ ಗುಂಪಿನಲ್ಲಿ ಇದ್ದೀರಿ. ನಿಮಗೆ ಎರಡು ಟಿಎಸ್‌ಪಿ, ಅಂದರೆ ಥ್ರಿಫ್ಟ್ ಸೇವಿಂಗ್ಸ್ ಪ್ಲಾನ್ ಎಂಬ ನಿವೃತ್ತಿ ಉಳಿತಾಯದ ಖಾತೆ ಇರುತ್ತವೆ. ಸೇನೆಯದು ಒಂದು, ಸಿವಿಲಿಯನ್‌ದು ಇನ್ನೊಂದು. ಅವು ತಾವಾಗಿಯೇ ಒಂದಾಗುವುದಿಲ್ಲ, ನೀವೇ ಕೇಳಬೇಕು.

ಸೇನೆಯ ಸೇವೆಯಿಂದ ಪೂರ್ತಿ ಹೊರಬಂದ ಮೇಲೆ ಮಾತ್ರ ಸೇನೆಯ ಖಾತೆಯ ಹಣವನ್ನು ಸಿವಿಲಿಯನ್ ಖಾತೆಗೆ ಸೇರಿಸಬಹುದು. ರಿಸರ್ವ್‌ನಲ್ಲಿ, ಅಂದರೆ ಸೇನೆಯ ಮೀಸಲು ಪಡೆಯಲ್ಲಿ, ಇನ್ನೂ ಡ್ರಿಲ್‌ಗೆ ಹೋಗುತ್ತಿದ್ದರೆ ಈಗ ಆಗುವುದಿಲ್ಲ. ಸೇನೆಯ ಖಾತೆಯ ಮೇಲೆ ಸಾಲ ಇದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ.

ಯುದ್ಧವಲಯದಲ್ಲಿದ್ದವರು ಸ್ವಲ್ಪ ಜಾಸ್ತಿ ಗಮನ ಕೊಡಿ. ಅಲ್ಲಿನ ತೆರಿಗೆ ಇಲ್ಲದ ಸಂಬಳದಿಂದ ಟ್ರೆಡಿಷನಲ್ ಭಾಗಕ್ಕೆ (ಸಾಮಾನ್ಯವಾಗಿ ತೆರಿಗೆಗೆ ಮುಂಚೆ ಕಟ್ಟುವ ಭಾಗ) ಕಟ್ಟಿದ ಹಣ ಸಿವಿಲಿಯನ್ ಖಾತೆಗೆ ಬರುವುದಿಲ್ಲ. ಹಾಗಾಗಿ ಅದನ್ನು ಏನು ಮಾಡಬೇಕೆಂದು ಮೊದಲೇ ಯೋಚಿಸಿ. ರಾತ್ (Roth) ಹಣ, ಅಂದರೆ ಸಾಮಾನ್ಯವಾಗಿ ತೆರಿಗೆ ಕಳೆದ ಮೇಲೆ ಕಟ್ಟುವ ಹಣ, ಸಿವಿಲಿಯನ್ ಖಾತೆಯ ರಾತ್ ಭಾಗಕ್ಕೇ ಹೋಗುತ್ತದೆ.

ನಾಮಿನಿ ಹೆಸರನ್ನೂ ನೋಡಿಕೊಳ್ಳಿ. ಸೇರಿದ ಹಣಕ್ಕೆ ಸಿವಿಲಿಯನ್ ಖಾತೆಯಲ್ಲಿ ಬರೆದ ಹೆಸರೇ ಲೆಕ್ಕ. ಮದುವೆಗೆ ಮುಂಚೆ ಬರೆದ ಹೆಸರು ಹಾಗೇ ಉಳಿದಿರುತ್ತದೆ, ಅಲ್ವಾ?

ಎರಡೂ ಕಡೆ ಕಟ್ಟುತ್ತಿರುವ ರಿಸರ್ವ್‌ನವರೇ, ವರ್ಷದ ಮಿತಿ ಎರಡಕ್ಕೂ ಸೇರಿ ಒಂದೇ. 2025ರಲ್ಲಿ ಅದು 23,500 ಡಾಲರ್ ಇತ್ತು. ಐವತ್ತು ದಾಟಿದವರಿಗೆ ಇನ್ನಷ್ಟು ಅವಕಾಶ ಇದೆ.

ಎರಡರಲ್ಲೂ ಇರುವುದು ಅವೇ ಫಂಡ್‌ಗಳು. ಲೆಕ್ಕ ಒಂದೇ ಕಡೆ ಸಿಗಲಿ ಎನ್ನುವವರಿಗೆ ಸೇರಿಸುವುದು ಒಳ್ಳೆಯದು, ಆದರೆ ಸುಮ್ನೆ ಅವಸರ ಬೇಡ. ಟಿಎಸ್‌ಪಿಯ ಸಹಾಯವಾಣಿ ಥ್ರಿಫ್ಟ್‌ಲೈನ್‌ಗೆ ಫೋನ್ ಮಾಡಿ ವಿಚಾರಿಸಿ. ಖಾತೆ ನಂಬರ್, ಪಾಸ್‌ವರ್ಡ್ ಯಾವುದನ್ನೂ ಇಲ್ಲಿ ಹಾಕಬೇಡಿ.