ಜಾಹೀರಾತಿಗೆ ದುಡ್ಡು ಸುರಿಯೋ ಮುಂಚೆ
ತಿಂಗಳ ಶುಲ್ಕದ ಮೇಲೆ ಆನ್‌ಲೈನ್ ಸೇವೆ ಕೊಡುವ ಸದಸ್ಯರ ಗಮನಕ್ಕೆ: ಬಜೆಟ್ ಏರಿಸುವ ಮೊದಲು ಬಿಟ್ಟುಹೋಗುವ ಗ್ರಾಹಕರ ಲೆಕ್ಕ ತೆಗೆಯಿರಿ. ತಿಂಗಳಿಗೆ ಶೇ. 5 ಅಂದರೆ ಸಣ್ಣದು ಅನಿಸುತ್ತೆ. ಆದರೆ ಇವತ್ತಿನ 100 ಜನರಲ್ಲಿ ವರ್ಷದ ಕೊನೆಗೆ ಉಳಿಯೋದು ಸುಮಾರು 54. ಒಟ್ಟು ಸಂಖ್ಯೆಯಲ್ಲಿ ಇದು ಕಾಣಲ್ಲ, ಹೊಸಬರು ಬಂದು ಮುಚ್ಚಿಹಾಕ್ತಾರೆ. ಹಾಗಾಗಿ ಯಾವ ತಿಂಗಳು ಸೇರಿದವರು ಎಷ್ಟು ಉಳಿದರು ಅಂತ ಶೀಟಿನಲ್ಲಿ ಬೇರೆ ಬೇರೆ ಸಾಲು ಮಾಡಿ.

ಆಮೇಲೆ, ಹಾಕಿದ ದುಡ್ಡು ವಾಪಸ್ ಬರುವ ಅವಧಿ ನೋಡಿ. ಒಬ್ಬ ಗ್ರಾಹಕರನ್ನು ತರಲು ತಿಂಗಳ ಶುಲ್ಕದ 6 ಪಟ್ಟು ಖರ್ಚಾಗಿ, ಸರ್ವರ್, ಸಪೋರ್ಟ್ ಖರ್ಚು ಕಳೆದು ಆ ಶುಲ್ಕದ ಶೇ. 75 ಕೈಗೆ ಉಳಿದರೆ 8 ತಿಂಗಳು ಬೇಕು, 6 ಅಲ್ಲ. ಸೇಲ್ಸ್‌ನವರ ಸಂಬಳವನ್ನೂ ಗ್ರಾಹಕರನ್ನು ತರುವ ಖರ್ಚಿಗೆ ಸೇರಿಸಿ (ಮರೆಯೋದು ಇದನ್ನೇ).

ವಾರ್ಷಿಕ ಮುಂಗಡವನ್ನು ಒಂದೇ ತಿಂಗಳ ಆದಾಯ ಅಂತ ಬರೆಯಬೇಡಿ, 12ರಿಂದ ಭಾಗಿಸಿ.