ಹಿಂದಿನ ಗೇಟಿನ ವಿಷಯ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಸೋಮವಾರ ಶಾಲೆಯ ಮುಂದಿನ ಗೇಟಿಗೆ ಬೀಗ ಹಾಕಿ ಓಣಿಯ ಕಡೆಯ ಹಿಂದಿನ ಗೇಟ್ ತೆರೆದೆವು. ಗಾಡಿ ಮೈದಾನದ ಹತ್ತಿರ ನಿಲ್ಲಿಸಿ, ಅಲ್ಲಿಂದ ಮಕ್ಕಳನ್ನು ನಡೆಸಿಕೊಂಡು ಬನ್ನಿ ಅಂದೆವು. ಆವತ್ತಿನಿಂದ ನನ್ನ ಫೋನಿಗೆ ಬಿಡುವಿಲ್ಲ. ‘ಮಳೆಯಲ್ಲಿ ಮಗು ನೆನೆಯುತ್ತೆ ಮೇಡಂ.’ ‘ಆಫೀಸಿಗೆ ಲೇಟಾಗುತ್ತೆ.’ ‘ಇಷ್ಟು ಫೀಸು ಕಟ್ಟಿ ಮಕ್ಕಳನ್ನ ನಡೆಸಬೇಕಾ?’ ಕೊನೆಯದು ಸ್ವಲ್ಪ ಚುಚ್ಚಿತು. ಇರಲಿ.

ಹೋದ ಶುಕ್ರವಾರ ಬೆಳಿಗ್ಗೆ ಏನಾಯಿತು ಅಂತ ನಿಮಗೆ ಗೊತ್ತು. ಎರಡನೇ ಕ್ಲಾಸಿನ ಹುಡುಗಿ ಎರಡು ಕಾರುಗಳ ಸಂದಿಯಿಂದ ರಸ್ತೆಗೆ ಇಳಿದಳು. ಬೈಕಿನವರು ಬ್ರೇಕ್ ಹಿಡಿದರು. ದೇವರ ದಯೆ, ಮಗುವಿಗೆ ಏನೂ ಆಗಲಿಲ್ಲ. ಟಿಫಿನ್ ಬಾಕ್ಸ್ ಚಕ್ರದಡಿ ಚಪ್ಪಟೆಯಾಗಿ, ಚಿತ್ರಾನ್ನ ಟಾರಿನ ಮೇಲೆ ಚೆಲ್ಲಿತ್ತು. ಆ ಡಬ್ಬಿ ಇನ್ನೂ ನನ್ನ ಟೇಬಲ್ ಮೇಲಿದೆ.

ಬೈಕಿನವರನ್ನು ಬೈದು ಸುಮ್ಮನಾಗಬಹುದಿತ್ತು. ಆದರೆ ಅವರು ಉಳಿದವರಿಗಿಂತ ಜೋರಾಗೇನೂ ಬರುತ್ತಿರಲಿಲ್ಲ. ನಮ್ಮ ಮುಂದಿನ ರಸ್ತೆಯೇ ಹಾಗಿದೆ. ಅಗಲ, ನೇರ. ಅಂಥ ರಸ್ತೆ ಸಿಕ್ಕರೆ ಯಾರ ಕಾಲಾದರೂ ಆಕ್ಸಿಲರೇಟರ್ ಒತ್ತುತ್ತದೆ, ‘ಶಾಲೆ ಇದೆ, ನಿಧಾನ’ ಬೋರ್ಡನ್ನು ಯಾರು ನೋಡುತ್ತಾರೆ? ಶನಿವಾರವಂತೂ ಮುಳ್ಳಯ್ಯನಗಿರಿಗೆ ಹೊರಟ ಗಾಡಿಗಳ ಸಾಲು. ಮೂಲೆಯ ತಿರುವನ್ನೂ ಅಗಲಕ್ಕೆ ಬಿಟ್ಟಿರುವುದರಿಂದ ತಿರುಗುವವರು ಸ್ಪೀಡ್ ಇಳಿಸುವುದೇ ಇಲ್ಲ. ಸ್ಪೀಡ್ 25ರಿಂದ 50 ಆದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. ನಮ್ಮ ಒಂಬತ್ತನೇ ಕ್ಲಾಸಿನವರನ್ನು ಕೇಳಿ, ಲೆಕ್ಕ ಹಾಕಿ ತೋರಿಸುತ್ತಾರೆ. ಒದ್ದೆ ರಸ್ತೆಯಲ್ಲಿ ಇನ್ನೂ ಜಾಸ್ತಿ. ಇದರ ಮೇಲೆ ಗೇಟಿನ ಎರಡೂ ಕಡೆ ನಿಲ್ಲುವ ಕಾರುಗಳು. ಅವುಗಳ ಮರೆಯಲ್ಲಿರುವ ಮಗು ಯಾರಿಗೂ ಕಾಣುವುದಿಲ್ಲ. ಬೇಜಾರು ಮಾಡ್ಕೋಬೇಡಿ, ಆ ಕಾರುಗಳು ನಮ್ಮನಿಮ್ಮವೇ. ನನ್ನದೂ ಅಲ್ಲೇ ನಿಲ್ಲುತ್ತಿತ್ತು.

ಹಿಂದಿನ ಓಣಿ ಇಕ್ಕಟ್ಟು ಅಂತೀರಿ. ನಾವು ಅದನ್ನು ಆರಿಸಿದ್ದೇ ಅದಕ್ಕೆ. ಇಕ್ಕಟ್ಟಿರುವಲ್ಲಿ ಗಾಡಿ ತಾನಾಗಿ ನಿಧಾನವಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ 1970ರ ದಶಕದಲ್ಲಿ ರಸ್ತೆಯಲ್ಲಿ ಮಕ್ಕಳು ಸಾಯುವುದನ್ನು ನೋಡಿ ನೋಡಿ ರೋಸಿಹೋದ ಅಪ್ಪ ಅಮ್ಮಂದಿರೇ ಪ್ರತಿಭಟನೆಗೆ ಇಳಿದರು. ಅಲ್ಲಿ ಮನೆಗಳಿರುವ ಎಷ್ಟೋ ಬೀದಿಗಳನ್ನು ಬೇಕೆಂದೇ ಇಕ್ಕಟ್ಟು ಮಾಡಿ, ಅಂಕುಡೊಂಕು ಮಾಡಿದರು. ನಮಗೆ ಅಂಥ ಓಣಿ ಪುಕ್ಕಟೆ ಸಿಕ್ಕಿದೆ, ಅಲ್ವಾ?

ಇನ್ನು ನಡಿಗೆ. ಮೈದಾನದಿಂದ ಗೇಟಿಗೆ ನನ್ನ ಕಾಲಿಗೆ 210 ಹೆಜ್ಜೆ, ನಾನೇ ಎಣಿಸಿದೆ. ಚಿಕ್ಕವರಿಗೆ ಇನ್ನೂ ಜಾಸ್ತಿ, ಒಪ್ಪುತ್ತೇನೆ. ಆರಿದ್ರಾ ಮಳೆಯಲ್ಲಿ ಅದು ಸುಲಭವಲ್ಲ, ಅದನ್ನೂ ಒಪ್ಪುತ್ತೇನೆ. ಇಬ್ಬರು ಆಯಾಗಳು ಕೊಡೆ ಹಿಡಿದು ಓಣಿಯಲ್ಲಿ ನಿಂತಿರುತ್ತಾರೆ. ಬ್ಯಾಗಿನಲ್ಲಿ ಒಂದು ಜೊತೆ ಸಾಕ್ಸ್ ಇಟ್ಟು ಕಳಿಸಿ, ಇಲ್ಲಿ ಬದಲಾಯಿಸುತ್ತೇವೆ. ಜಡಿಮಳೆಯ ದಿನ ಎಲ್‌ಕೆಜಿ, ಯುಕೆಜಿ ಮಕ್ಕಳ ಗಾಡಿಗಳನ್ನು ಮಾತ್ರ ಓಣಿಯೊಳಗೆ ಬಿಡುತ್ತೇವೆ. ಉಳಿದವರು ದಯವಿಟ್ಟು ಕೇಳಬೇಡಿ. ಒಬ್ಬರಿಗೆ ಹೂಂ ಅಂದರೆ ಇನ್ನೊಬ್ಬರಿಗೆ ಇಲ್ಲ ಅನ್ನಲು ನನ್ನಿಂದಾಗದು.

ಮುಂದಿನ ರಸ್ತೆಗೆ ಹಂಪ್ ಮತ್ತು ಜೀಬ್ರಾ ಪಟ್ಟಿ ಬೇಕೆಂದು ಅರ್ಜಿ ಕೊಟ್ಟಿದ್ದೇವೆ. ಅವು ಬಂದ ಮೇಲೂ ಮುಂದಿನ ಗೇಟ್ ತೆರೆಯುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಗಾಡಿಯನ್ನು ಮೈದಾನದ ಹತ್ತಿರ ನಿಲ್ಲಿಸಿ, ಅಲ್ಲಿಂದ ಮಗುವನ್ನು ನಡೆಸಿಕೊಂಡು ಬನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಚಿಕ್ಕಮಗಳೂರು

ವಿ.ಸೂ.: ಸ್ಕೂಟರಿನಲ್ಲಿ ಬರುವ ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಕಾನೂನಿನ ಪ್ರಕಾರ ಹೆಲ್ಮೆಟ್ ಬೇಕು. ಆ ಜಗಳ ಮುಂದಿನ ಪತ್ರಕ್ಕೆ ಇರಲಿ.